ಎಂ-ಡಿಸ್ಕ್ ಬ್ಲೂ-ರೇ ವಿಮರ್ಶೆ: ತಟ್ಟೆ ಬಾಳೀತು, ಓದುವ ಡ್ರೈವ್ ಎಲ್ಲಿ?

ಡಬ್ಬದ ಮೇಲೆ 1000 ವರ್ಷ ಎಂದು ಅಚ್ಚು ಹಾಕಿರುವ ವಸ್ತುವನ್ನು ವಿಮರ್ಶೆ ಮಾಡುವುದು ಸ್ವಲ್ಪ ತಮಾಷೆಯ ಕೆಲಸ. ಸುಳ್ಳಾದರೆ ಜಗಳಕ್ಕೆ ಹೋಗಲು ಆಗ ಯಾರೂ ಇರುವುದಿಲ್ಲ. ಆ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಫೋಟೊ, ದಾಖಲೆ, ಧ್ವನಿಮುದ್ರಣಗಳನ್ನು ಇನ್ನು 20-30 ವರ್ಷ ಉಳಿಸಿಕೊಳ್ಳಲು 25 ಜಿಬಿಯ ಎಂ-ಡಿಸ್ಕ್ ಬ್ಲೂ-ರೇ, ಅಂದರೆ ಒಮ್ಮೆ ಬರೆದರೆ ಅಳಿಸಲಾಗದ ಲೇಸರ್ ತಟ್ಟೆ, ತಕ್ಕದ್ದೇ ಎಂದಷ್ಟೇ ನೋಡೋಣ. ತೀರ್ಪು ಮೊದಲೇ ಹೇಳಿಬಿಡಬಹುದು: ತಟ್ಟೆ ಗಟ್ಟಿಯಾಗಿದೆ, ಕೊಳ್ಳಬಹುದು. ಆದರೆ ಸರಿಯಾಗಿ ಬರೆಯದೆ, ಬರೆದದ್ದನ್ನು ಪರೀಕ್ಷಿಸದೆ, ಕೊನೆಗೆ ಓದಲು ಡ್ರೈವ್ ಸಿಗದೆ ಹೋದರೆ ತಟ್ಟೆಯ ಗಟ್ಟಿತನ ಯಾವ ಉಪಯೋಗಕ್ಕೂ ಬರುವುದಿಲ್ಲ.

ಮಾಮೂಲಿ ಡಿವಿಡಿ-ಆರ್‌ನಲ್ಲಿ ಡೇಟಾ ಕೂರುವುದು ಡೈ ಎಂದು ಕರೆಯುವ ಸಾವಯವ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ತಗುಲಿ ಆ ಬಣ್ಣ ವರ್ಷಗಟ್ಟಲೆ ಮಾಸುತ್ತ ಹೋದಂತೆ ಲೇಸರ್ ಮಾಡಿದ ಗುರುತಿಗೂ ಖಾಲಿ ಜಾಗಕ್ಕೂ ವ್ಯತ್ಯಾಸ ಕಾಣದಾಗುತ್ತದೆ. ಅಮೆರಿಕದ ಯೂಟಾ ರಾಜ್ಯದ ಮಿಲೆನಿಯಾಟಾ ಕಂಪನಿ ಈ ಬಣ್ಣವನ್ನು ತೆಗೆದು ಕಲ್ಲಿನಂಥ ಅಜೈವಿಕ ಪದರ ಹಾಕಿತು. ಅದೇ ಎಂ-ಡಿಸ್ಕ್. ಕಂಪನಿ 2016ರಲ್ಲಿ ದಿವಾಳಿಯಾಯಿತು. ತಟ್ಟೆ ಮಾತ್ರ ವರ್ಬಾಟಿಮ್‌ನಂಥ ಬ್ರ್ಯಾಂಡುಗಳಲ್ಲಿ ಮುಂದುವರಿಯಿತು. ಸಾವಿರ ವರ್ಷದ ಮಾತು ಕೊಟ್ಟ ಸಂಸ್ಥೆ ಹತ್ತು ವರ್ಷ ಕೂಡ ನೆಟ್ಟಗೆ ನಡೆಯಲಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಟ್ಟುಕೊಳ್ಳಬೇಕು.

ಇಲ್ಲಿ ಜಾಹೀರಾತು ಹೇಳದ ಒಂದು ವಿಷಯ ಇದೆ. ಡಿವಿಡಿಯಲ್ಲಿ ಎಂ-ಡಿಸ್ಕ್‌ಗೂ ಮಾಮೂಲಿ ತಟ್ಟೆಗೂ ನಿಜವಾದ ಅಂತರವಿತ್ತು. ಬ್ಲೂ-ರೇಯಲ್ಲಿ ಆ ಅಂತರ ಕಿರಿದಾಗಿದೆ, ಏಕೆಂದರೆ ಎಚ್‌ಟಿಎಲ್ (ಬರೆದ ಕಡೆ ಹೊಳಪು ಕುಗ್ಗುವ) ಬಗೆಯ ಮಾಮೂಲಿ ಬಿಡಿ-ಆರ್, ಅಂದರೆ ಒಮ್ಮೆ ಬರೆಯುವ ಬ್ಲೂ-ರೇ, ತಟ್ಟೆಗಳಲ್ಲೂ ಬರೆಯುವ ಪದರ ಅಜೈವಿಕವೇ. ಬಣ್ಣದ ಪದರ ಇರುವುದು ಎಲ್‌ಟಿಎಚ್ (ಬರೆದ ಕಡೆ ಹೊಳಪು ಏರುವ) ಬಗೆಯಲ್ಲಿ. ಡಬ್ಬದ ಮೇಲೆ ಎಲ್‌ಟಿಎಚ್ ಎಂದು ಕಂಡರೆ ಬಹುಕಾಲ ಕಾಪಿಡುವ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಇನ್ನು ತಟ್ಟೆಯ ಮೀಡಿಯಾ ಕೋಡ್. ಡ್ರೈವ್‌ಗೆ ತಟ್ಟೆ ತನ್ನ ಗುರುತು ಹೇಳಿಕೊಳ್ಳುವುದು ಇದರಿಂದಲೇ. ಹಳೆಯ ಎಂ-ಡಿಸ್ಕ್ ಬ್ಲೂ-ರೇಗಳಲ್ಲಿ ಮಿಲೆನ್-ಎಂಆರ್1 ಎಂದು ಬರುತ್ತಿತ್ತು, ನಂತರದ ಕೆಲವು ಡಬ್ಬಗಳಲ್ಲಿ ವರ್ಬಾಟ್-ಐಎಂಇ ಎಂದು ಬಂದಿದೆ. ಒಳಗಿನ ಪದರ ಬದಲಾಯಿತೇ ಎಂದು ಬಳಕೆದಾರರು ಕೇಳಿದ್ದು ಇದಕ್ಕೇ. ಮೊದಲು ಒಂದೇ ತಟ್ಟೆ ಕೊಂಡು, ಅದರ ಕೋಡ್ ನೋಡಿ, ಬರೆದಿಟ್ಟುಕೊಂಡು, ಆಮೇಲೆ ಡಬ್ಬಗಟ್ಟಲೆ ಕೊಳ್ಳುವುದು ಒಳ್ಳೆಯದು.

ಬಾಳಿಕೆಯ ಪರೀಕ್ಷೆಗಳೂ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ನೌಕಾಪಡೆಯ ಚೈನಾ ಲೇಕ್ ಕೇಂದ್ರ 2009ರಲ್ಲಿ ಡಿವಿಡಿಗಳನ್ನು 85 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 85 ತೇವ ಮತ್ತು ಪ್ರಖರ ಬೆಳಕಿಗೆ ಒಡ್ಡಿತು. ಎಂ-ಡಿಸ್ಕ್ ಉಳಿಯಿತು, ಬಣ್ಣದ ಪದರದ ತಟ್ಟೆಗಳು ಕೈಕೊಟ್ಟವು. ಫ್ರಾನ್ಸಿನ ಎಲ್‌ಎನ್‌ಇ ಪ್ರಯೋಗಾಲಯ ಬೆಳಕಿಲ್ಲದೆ 90 ಡಿಗ್ರಿ, ಶೇ. 85 ತೇವದಲ್ಲಿ ಇಟ್ಟಾಗ ಎಂ-ಡಿಸ್ಕ್ ಡಿವಿಡಿ ಮಾಮೂಲಿ ತಟ್ಟೆಗಳಿಗಿಂತ ಹೆಚ್ಚೇನೂ ತಾಳಲಿಲ್ಲ. ಪದರ ಕಲ್ಲಿನದಾದರೂ ಅದನ್ನು ಹಿಡಿದಿರುವುದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮತ್ತು ಅಂಟು ಅಲ್ಲವೇ. ಕುದಿಯುವ ಶಾಖದ ಹತ್ತಿರ ಸ್ವಲ್ಪ ಕಾಲ ಕಂಡದ್ದನ್ನು ಕೋಣೆಯ ಶಾಖಕ್ಕೆ ಲೆಕ್ಕ ಹಾಕಿ ಹಿಗ್ಗಿಸಿದಾಗ ಬರುವ ಅಂದಾಜು ಈ ಸಾವಿರ ವರ್ಷ. ಬೆಳಕಿಗೆ ಬಿದ್ದ ತಟ್ಟೆಯಲ್ಲಿ ಎಂ-ಡಿಸ್ಕ್ ಗೆಲ್ಲುತ್ತದೆ. ಕತ್ತಲ ಪೆಟ್ಟಿಗೆಯಲ್ಲಿ ತಣ್ಣಗಿಟ್ಟರೆ ಒಳ್ಳೆಯ ಎಚ್‌ಟಿಎಲ್ ತಟ್ಟೆಯೂ ಬಹುಕಾಲ ಬಾಳಬೇಕು.

ಈಗ ಬರೆಯುವ ಕೆಲಸ. ತಟ್ಟೆ ಹಾಳಾಗುವುದಕ್ಕಿಂತ ಮೊದಲೇ ಡೇಟಾ ಹಾಳಾಗುವುದು ಇಲ್ಲಿ.

25 ಜಿಬಿ ಎಂದರೆ 25,02,53,14,816 ಬೈಟ್. ವಿಂಡೋಸ್ ಇದನ್ನೇ 23.3 ಜಿಬಿ ಎಂದು ತೋರಿಸುತ್ತದೆ. ಕೆಳಗಿನ ಲೆಕ್ಕವೆಲ್ಲ ವಿಂಡೋಸ್ ತೋರಿಸುವ ಜಿಬಿಯಲ್ಲಿದೆ. ತಟ್ಟೆ ಒಳಗಿನಿಂದ ಹೊರಕ್ಕೆ ತುಂಬುತ್ತದೆ. ಬೆರಳು ತಾಗುವುದು, ತೇವ ನುಸುಳುವುದು, ತಟ್ಟೆ ಓಲಾಡಿದಾಗ ಲೇಸರ್ ತಪ್ಪುವುದು ಹೆಚ್ಚಾಗಿ ಹೊರ ಅಂಚಿನಲ್ಲಿ. ಆದ್ದರಿಂದ ತಟ್ಟೆಯನ್ನು ಗಂಟಲವರೆಗೆ ತುಂಬಬೇಡಿ. 20 ಜಿಬಿ ಡೇಟಾ, ಅದಕ್ಕೆ ಪಾರ್2 ತಂತ್ರಾಂಶದಿಂದ ಶೇ. 10ರಷ್ಟು, ಅಂದರೆ 2 ಜಿಬಿ ದುರಸ್ತಿ ಡೇಟಾ (ಕೆಟ್ಟ ಭಾಗವನ್ನು ಮತ್ತೆ ಕಟ್ಟಿಕೊಳ್ಳಲು). ಉಳಿದ 1.3 ಜಿಬಿ ಖಾಲಿ ಬಿಡಿ.

ಪಾರ್2 ಬಳಸುವಾಗ ಬ್ಲಾಕ್, ಅಂದರೆ ಅದು ಡೇಟಾವನ್ನು ಕತ್ತರಿಸುವ ಹೋಳಿನ ಅಳತೆ ಮುಖ್ಯ. ಬ್ಲೂ-ರೇಯಲ್ಲಿ ದೋಷ ತಿದ್ದುವ ಘಟಕ 64 ಕೆಬಿಯದು. ಅದು ಕೆಟ್ಟರೆ 32 ಸೆಕ್ಟರ್ (2 ಕೆಬಿಯ ತುಣುಕು) ಒಟ್ಟಿಗೇ ಹೋಗುತ್ತವೆ. ಪಾರ್2 ಹೆಚ್ಚೆಂದರೆ 32,768 ಬ್ಲಾಕ್ ನಿಭಾಯಿಸುತ್ತದೆ. 20 ಜಿಬಿಯನ್ನು ಅಷ್ಟು ಪಾಲು ಮಾಡಿದರೆ ಒಂದೊಂದು 640 ಕೆಬಿ. ಆದರೆ ಪ್ರತಿ ಫೈಲ್ ಹೊಸ ಬ್ಲಾಕ್‌ನಿಂದ ಶುರುವಾಗುವುದರಿಂದ ಸಾವಿರಾರು ಫೋಟೊ ಇದ್ದರೆ ಲೆಕ್ಕ ಮೀರುತ್ತದೆ. 1 ಎಂಬಿ ಬ್ಲಾಕ್ ಇಟ್ಟುಕೊಂಡರೆ ತಲೆನೋವಿಲ್ಲ. ತಟ್ಟೆಯ ಫೈಲ್ ಪಟ್ಟಿಯೇ ಕೆಟ್ಟರೆ ಮಾತ್ರ ಪಾರ್2 ಕೈಲಾಗದು, ಅದಕ್ಕೆ ಕಾಣುವುದು ಫೈಲುಗಳು ಮಾತ್ರ. ಆ ಭಯ ಇದ್ದವರು ತಟ್ಟೆಯ ಪಡಿಯಚ್ಚಾದ ಇಡೀ ಇಮೇಜ್‌ಗೇ ದುರಸ್ತಿ ಡೇಟಾ ಸೇರಿಸುವ ಡಿವಿಡಿಸಾಸ್ಟರ್ ಬಳಸಬಹುದು.

ಎಲ್ಲವನ್ನೂ ಒಂದೇ ಜಿಪ್‌ಗೆ ತುರುಕಬೇಡಿ. ಬಿಡಿಬಿಡಿಯಾಗಿ ಇಟ್ಟ ಫೋಟೊಗಳಲ್ಲಿ 64 ಕೆಬಿ ಹೋದರೆ ಒಂದು ಫೋಟೊ ಹೋಯಿತು, ಅಷ್ಟೆ. ಒತ್ತಿ ಕುಗ್ಗಿಸಿದ, ಅದರಲ್ಲೂ ಎಲ್ಲ ಫೈಲುಗಳನ್ನೂ ಒಂದೇ ಮುದ್ದೆ ಮಾಡುವ ಸಾಲಿಡ್ ಬಗೆಯ ಆರ್ಕೈವ್‌ನಲ್ಲಿ ಅದೇ 64 ಕೆಬಿ ಅದರ ಹಿಂದಿರುವ ಎಲ್ಲವನ್ನೂ ಎಳೆದುಕೊಂಡು ಹೋಗಬಲ್ಲದು. ಎನ್‌ಕ್ರಿಪ್ಟ್ ಮಾಡಿದರೆ ಪಾಸ್‌ವರ್ಡ್ ಕೂಡ ತಟ್ಟೆಯಷ್ಟೇ ಕಾಲ ಬದುಕಬೇಕು.

ಬರೆಯುವ ಮೊದಲು ಎಲ್ಲ ಫೈಲುಗಳ ಶಾ-256 ಮೊತ್ತ (ಫೈಲ್ ಒಂದಿಷ್ಟು ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು ಒಂದು ಪಠ್ಯ ಫೈಲ್‌ನಲ್ಲಿ ಡೇಟಾ ಜೊತೆಗೇ ಇಡಿ, ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ನೇರವಾಗಿ ಎಳೆದು ಬಿಡುವ ಬದಲು ಮೊದಲು ಯುಡಿಎಫ್ (ತಟ್ಟೆಯಲ್ಲಿ ಫೈಲ್ ಜೋಡಿಸುವ ವ್ಯವಸ್ಥೆ) ಇಮೇಜ್ ಮಾಡಿ, ಅದನ್ನು ಒಂದೇ ಬಾರಿಗೆ, ಒಂದೇ ಸೆಷನ್‌ನಲ್ಲಿ ಬರೆದು ತಟ್ಟೆಯನ್ನು ಮುಚ್ಚಿಬಿಡಿ. ಆಮೇಲೆ ಸೇರಿಸೋಣ ಎಂದು ಸೆಷನ್ ತೆರೆದಿಟ್ಟ ತಟ್ಟೆಗಳು ಬೇರೆ ಡ್ರೈವ್‌ನಲ್ಲಿ ತಕರಾರು ಮಾಡುತ್ತವೆ.

ವೇಗದ ಬಗ್ಗೆ ಹಳೆಯ ನಂಬಿಕೆಯೊಂದಿದೆ, ನಿಧಾನವಾದಷ್ಟೂ ಒಳ್ಳೆಯದು ಅಂತ. ಬ್ಲೂ-ರೇಗೆ ಇದು ಹೊಂದುವುದಿಲ್ಲ. ಮೀಡಿಯಾ ಕೋಡ್ ನೋಡಿ ಲೇಸರ್ ಎಷ್ಟು ಶಕ್ತಿಯಲ್ಲಿ ಬರೆಯಬೇಕು ಎಂಬ ಕ್ರಮ ಆರಿಸುವುದು ಡ್ರೈವ್‌ನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್, ಆ ಕ್ರಮ ತಟ್ಟೆಯ ಮೇಲೆ ನಮೂದಿಸಿದ ವೇಗಕ್ಕೆ ಹೊಂದಿಸಿರುವುದು. 4ಎಕ್ಸ್ ತಟ್ಟೆಯನ್ನು 4ಎಕ್ಸ್‌ನಲ್ಲೇ ಬರೆಯಿರಿ. 1ಎಕ್ಸ್ ಎಂದರೆ ಸೆಕೆಂಡಿಗೆ 4.5 ಎಂಬಿ, ಹಾಗಾಗಿ 4ಎಕ್ಸ್‌ನಲ್ಲಿ ಸುಮಾರು 22 ನಿಮಿಷ. ನಲವತ್ತು ನಿಮಿಷ ದಾಟಿದರೆ ಗಾಬರಿ ಬೇಡ, ತಂತ್ರಾಂಶ ಮೀಸಲು ಜಾಗ ಇಟ್ಟು, ಬರೆದದ್ದನ್ನು ಅಲ್ಲಲ್ಲೇ ಓದಿ ನೋಡುತ್ತಿದೆ ಎಂದರ್ಥ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ತೆಳ್ಳನೆಯ ಡ್ರೈವ್ ಆದರೆ ಹಬ್‌ಗೆ ಚುಚ್ಚಬೇಡಿ. ಬರೆಯುವಾಗ ಲೇಸರ್ ಕೇಳುವಷ್ಟು ವಿದ್ಯುತ್ ಸಿಗದೆ ಅರ್ಧದಲ್ಲಿ ನಿಂತ ತಟ್ಟೆ ಮತ್ತೆ ಬಳಕೆಗೆ ಬಾರದು.

ಮುಗಿದ ಮೇಲೆ ಟ್ರೇ ಹೊರಗೆ ಬರಲಿ, ಮತ್ತೆ ಒಳಗೆ ಹಾಕಿ ಶಾ-256 ತಾಳೆ ನೋಡಿ. ಹೊರತೆಗೆಯದೆ ನೋಡಿದರೆ ಉತ್ತರ ತಟ್ಟೆಯಿಂದ ಬಾರದೆ ಕಂಪ್ಯೂಟರಿನ ನೆನಪಿನಿಂದಲೇ ಬಂದಿರಬಹುದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಡ್ರೈವ್‌ನಲ್ಲಿ ಓದುವುದು. ಬರೆದ ಡ್ರೈವ್ ತನ್ನ ಕೈಬರಹ ತಾನು ಓದಿಕೊಳ್ಳುತ್ತದೆ, ಅದು ಪರೀಕ್ಷೆಯಲ್ಲ. ಓದುವ ವೇಗದ ಗೆರೆಯನ್ನೂ ಗಮನಿಸಿ: ಒಳಗಿನಿಂದ ಹೊರಕ್ಕೆ ಸುಮಾರು 2.4 ಪಟ್ಟು ನಯವಾಗಿ ಏರಬೇಕು. ನಡುವೆ ಧುತ್ತೆಂದು ಕುಸಿದು ಮೇಲೆದ್ದರೆ ಡ್ರೈವ್ ಆ ಜಾಗವನ್ನು ಮತ್ತೆ ಮತ್ತೆ ಓದಿದೆ. ಫೈಲ್ ಸರಿಯಾಗಿ ಬಂದರೂ ಅಂಥ ತಟ್ಟೆಯನ್ನು ಬದಿಗಿಟ್ಟು ಹೊಸದು ಬರೆಯಿರಿ.

ತಟ್ಟೆಯ ದೇಹದ ಬಗ್ಗೆ ಒಂದು ಮಾತು. ಸಿಡಿಯಲ್ಲಿ ಡೇಟಾ ಲೇಬಲ್ ಕಡೆಗೆ ಅಂಟಿಕೊಂಡಿತ್ತು, ಡಿವಿಡಿಯಲ್ಲಿ ನಡುಮಧ್ಯೆ, ಬ್ಲೂ-ರೇಯಲ್ಲಿ ಓದುವ ಮೈಯಿಂದ ಬರೀ 0.1 ಮಿ.ಮೀ. ಒಳಗೆ. ಮೇಲಿನ ಗಟ್ಟಿ ಲೇಪನ ಸಣ್ಣ ಗೀರುಗಳನ್ನು ತಡೆಯುತ್ತದೆ, ಆಳದ ಗೀರು ಸೀದಾ ಡೇಟಾಕ್ಕೇ ತಾಗುತ್ತದೆ. ಕಾಗದದ ಲೇಬಲ್ ಅಂಟಿಸಬೇಡಿ: ತೂಕ ಓರೆಯಾಗಿ ತಟ್ಟೆ ನಡುಗುತ್ತದೆ. ಬರೆಯುವುದಿದ್ದರೆ ನೀರಿನ ಶಾಯಿಯ ಮಾರ್ಕರ್‌ನಲ್ಲಿ ನಡುವಿನ ಪಾರದರ್ಶಕ ಬಳೆಯ ಮೇಲೆ ಒಂದು ಸಂಖ್ಯೆ, ಸಾಕು.

100 ಜಿಬಿಯ ಎಂ-ಡಿಸ್ಕ್ ಕೂಡ ಸಿಗುತ್ತದೆ. ನಮ್ಮ ಶಿಫಾರಸು ಇಲ್ಲ. ಅದು ಮೂರು ಪದರದ ಬಿಡಿಎಕ್ಸ್‌ಎಲ್, ಮಾಮೂಲಿ ಬ್ಲೂ-ರೇ ಡ್ರೈವ್ ಅದನ್ನು ಓದುವುದಿಲ್ಲ, ಮೇಲಿನ ಪದರ ಸೀಳಿ ಕೆಳಗಿನದನ್ನು ಬರೆಯಬೇಕಾದ ಲೇಸರ್‌ಗೂ ಕಷ್ಟ. ಒಂದೂವರೆ ಗಂಟೆಯ ಬರಹ ಕೊನೆಯ ಪದರದಲ್ಲಿ ಕೆಟ್ಟರೆ ನಾಲ್ಕು ತಟ್ಟೆಯ ಡೇಟಾ ಒಟ್ಟಿಗೇ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ತಟ್ಟೆಯದಲ್ಲ. ಪ್ಯಾನಸಾನಿಕ್ 2023ರ ಫೆಬ್ರುವರಿಯಲ್ಲಿ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿತು, ಸೋನಿ 2025ರ ಫೆಬ್ರುವರಿಯಲ್ಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದೇ ಅಪರೂಪ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುವ ಹಾಗೆ, ತಟ್ಟೆ ನೆಟ್ಟಗಿದ್ದು ಓದುವ ಯಂತ್ರವೇ ಇಲ್ಲದ ದಿನ ಬರಬಹುದು. ಟೇಪ್‌ನ ಕಥೆಯೂ ಇದೇ: ಡೇಟಾ ಇಡುವ ಎಲ್‌ಟಿಒ ಟೇಪಿನಲ್ಲಿ 8ನೇ ಪೀಳಿಗೆಯ ಡ್ರೈವ್ 6ನೇ ಪೀಳಿಗೆಯ ಟೇಪನ್ನು ಓದುವುದಿಲ್ಲ. ಎಂ-ಡಿಸ್ಕ್ ಕೊಳ್ಳುವವರು ಎರಡು ಡ್ರೈವ್ ಕೊಳ್ಳಬೇಕು, ಎರಡನೆಯದು ಡಬ್ಬದಲ್ಲೇ ಇರಲಿ, ವರ್ಷಕ್ಕೊಮ್ಮೆ ತೆಗೆದು ಓಡಿಸಿ.

ಹಾಗಾದರೆ ಯಾರಿಗೆ? ಒಂದು ಟಿಬಿ ಡೇಟಾಕ್ಕೆ (ವಿಂಡೋಸ್ ತೋರಿಸುವ ಸುಮಾರು 931 ಜಿಬಿ) ಮೇಲಿನ ಲೆಕ್ಕದಲ್ಲಿ 47 ತಟ್ಟೆ ಬೇಕು. ಬರೆದು ಪರೀಕ್ಷಿಸಲು ತಲಾ ಮುಕ್ಕಾಲು ಗಂಟೆ ಹಿಡಿದರೆ 35 ಗಂಟೆ. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಇಲ್ಲದವರಿಗೆ ಎರಡು ಹಾರ್ಡ್ ಡಿಸ್ಕ್ ಮತ್ತು ದೂರದಲ್ಲೊಂದು ಪ್ರತಿಯೇ ಸರಿ. 200 ಜಿಬಿಯೊಳಗಿನ, ಇನ್ನು ಬದಲಾಗದ, ಕಳೆದರೆ ಮತ್ತೆ ಸಿಗದ ಡೇಟಾ ಇದ್ದವರಿಗೆ ಹತ್ತು ತಟ್ಟೆ ಹೇಳಿ ಮಾಡಿಸಿದ್ದು, ಅದೂ ಮೂರನೆಯ ಪ್ರತಿಯಾಗಿ. ಬರೆದ ತಟ್ಟೆಯನ್ನು ಹಣಕ್ಕಾಗಿ ಡೇಟಾ ಒತ್ತೆ ಹಿಡಿಯುವ ರ‍್ಯಾನ್ಸಮ್‌ವೇರ್ ಅಳಿಸಲಾರದು, ಕೈತಪ್ಪಿ ಡಿಲೀಟ್ ಒತ್ತಿದರೂ ಅದು ಜಗ್ಗದು. ಹಾರ್ಡ್ ಡಿಸ್ಕ್ ಕೊಡದ ಭದ್ರತೆ ಅದು.

ಪೆಟ್ಟಿಗೆಗೆ ಹಾಕುವಾಗ ತಟ್ಟೆಗಳನ್ನು ಮಲಗಿಸದೆ ನಿಲ್ಲಿಸಿ ಇಡಿ. ಜೊತೆಗೊಂದು ಕಾಗದದ ಚೀಟಿ: ತಟ್ಟೆಯ ಸಂಖ್ಯೆ, ಬರೆದ ದಿನ, ಡ್ರೈವ್‌ನ ಮಾದರಿ, ಮೀಡಿಯಾ ಕೋಡ್, ಯುಡಿಎಫ್, ಪಾರ್2 ಶೇ. 10, ಶಾ-256 ಪಟ್ಟಿಯ ಫೈಲ್ ಹೆಸರು. ಚೀಟಿಯ ಹಿಂದೆ ಖಾಲಿ ಕೋಷ್ಟಕ ಬಿಡಿ, ಎರಡು ವರ್ಷಕ್ಕೊಮ್ಮೆ ಓದಿ ನೋಡಿದ ದಿನಾಂಕ ಅಲ್ಲಿ ಬರೆಯಬೇಕು.