ಇನ್‌ಕಾಗ್ನಿಟೊ, ವಿಪಿಎನ್, ಟಾರ್: ಯಾವುದು ಯಾರ ಕಣ್ಣು ತಪ್ಪಿಸುತ್ತದೆ?

ಅಂತರ್ಜಾಲದಲ್ಲಿ ಗುರುತು ಬಿಟ್ಟುಕೊಡದೆ ಓಡಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹಾಕುವುದು ಮರುಪ್ರಶ್ನೆ: ಯಾರ ಕಣ್ಣಿಗೆ ಬೀಳಬಾರದು? ಅದೇ ಕಂಪ್ಯೂಟರ್ ಬಳಸುವ ಮನೆಯವರ ಕಣ್ಣಿಗೋ, ಲಾಡ್ಜಿನ ವೈಫೈ ನಡೆಸುವವರ ಕಣ್ಣಿಗೋ, ಸಿಮ್ ಕೊಟ್ಟ ಕಂಪನಿಯ ಕಣ್ಣಿಗೋ, ತೆರೆದ ಜಾಲತಾಣದ ಕಣ್ಣಿಗೋ? ಇದು ಇತ್ಯರ್ಥವಾಗದೆ ಇನ್‌ಕಾಗ್ನಿಟೊ (ಬ್ರೌಸರಿನ ಖಾಸಗಿ ಕಿಟಕಿ) ಮೇಲೋ, ವಿಪಿಎನ್ (ನಡುವಿನ ಕಂಪನಿಯೊಂದರ ಮೂಲಕ ಹಾಯುವ ಗುಪ್ತ ದಾರಿ) ಮೇಲೋ, ಟಾರ್ (ಗುರುತು ಮರೆಸುವ ಜಾಲ ಮತ್ತು ಬ್ರೌಸರ್) ಮೇಲೋ ಎಂದು ವಾದ ಮಾಡಿ ಪ್ರಯೋಜನವಿಲ್ಲ. ಮೂರನ್ನೂ ನಾನು ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ, ಆಮೇಲೆ ಫೋನಿನಲ್ಲೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಒರೆಗೆ ಹಚ್ಚಲು ಇಟ್ಟುಕೊಂಡದ್ದು ಮೂರು ಕೆಲಸ: ಯಾರಿಗೂ ಹೇಳಿಕೊಳ್ಳಲಾಗದ ಕಾಯಿಲೆಯ ಬಗ್ಗೆ ಓದುವುದು, ಪ್ರಯಾಣದಲ್ಲಿ ಕಂಡವರ ವೈಫೈ ಬಳಸುವುದು, ಹೆಸರು ಹೊರಗೆ ಬಾರದಂತೆ ಅಕ್ರಮವೊಂದನ್ನು ತಿಳಿಸುವುದು.

“ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?” ಎನ್ನುವವರು ಬಹಳ ಮಂದಿ. 2006ರಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿ ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು ಸಂಶೋಧಕರಿಗೆಂದು ಪ್ರಕಟಿಸಿತು. ಹೆಸರುಗಳನ್ನು ತೆಗೆದು ಬರೀ ಸಂಖ್ಯೆ ಹಾಕಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ಸಂಖ್ಯೆಯ ಕೆಳಗಿದ್ದ ಹುಡುಕಾಟಗಳನ್ನು ಓದಿಯೇ ಅದು ಯಾರದ್ದೆಂದು ಪತ್ತೆ ಹಚ್ಚಿದರು. ಊರಿನ ಹೆಸರು, ಮನೆತನದ ಹೆಸರು, ಮೈಯ ನೋವು, ಮನಸ್ಸಿನ ಚಿಂತೆ ಎಲ್ಲವನ್ನೂ ನಾವು ಹುಡುಕಾಟದ ಆ ಚಿಕ್ಕ ಚೌಕಕ್ಕೆ ಒಪ್ಪಿಸುತ್ತೇವೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಕೋರ್ಟಿನ ಮೆಟ್ಟಿಲು ಹತ್ತಿ ನಮಗೆಲ್ಲ ಗಳಿಸಿಕೊಟ್ಟ ಹಕ್ಕು ಇದು. ದಿನವೂ ಬಳಸಿಕೊಳ್ಳಬೇಕಾದವರು ನಾವು.

ಇನ್‌ಕಾಗ್ನಿಟೊ ವಿಷಯ ಬೇಗ ಮುಗಿಯುತ್ತದೆ. ಕಿಟಕಿ ಮುಚ್ಚಿದೊಡನೆ ನೋಡಿದ ಪುಟಗಳ ಪಟ್ಟಿ ಮತ್ತು ಕುಕೀಗಳು (ತಾಣಗಳು ನಿಮ್ಮನ್ನು ಗುರುತಿಡಲು ಬ್ರೌಸರಿನಲ್ಲಿ ಬಿಡುವ ಚೀಟಿಗಳು) ಅಳಿಯುತ್ತವೆ. ಇಳಿಸಿಕೊಂಡ ಕಡತ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತದೆ. ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ, ಬದಲಾಗುವುದಿಲ್ಲ, ಆದ್ದರಿಂದ ಜಾಲತಾಣಕ್ಕೂ ಇಂಟರ್‌ನೆಟ್ ಕಂಪನಿಗೂ ನೀವು ಎಂದಿನ ನೀವೇ. ಬೀಗದ ಗುರುತಿರುವ (ವಿಳಾಸ https ಎಂದು ಶುರುವಾಗುವ) ತಾಣವಾದರೆ ಯಾವ ಪುಟ ಓದಿದಿರಿ ಎಂಬುದು ಕಂಪನಿಗೆ ತಿಳಿಯುವುದಿಲ್ಲ, ಆದರೆ ತಾಣದ ಹೆಸರು ಸಾಮಾನ್ಯವಾಗಿ ಕಾಣುತ್ತಲೇ ಇರುತ್ತದೆ. ಹಾಗೆ ಕಾಣುವ ಹೆಸರನ್ನೇ ಹಿಡಿದು ಜಿಯೋ ಜಾಲದಲ್ಲಿ ತಾಣಗಳನ್ನು ತಡೆಯಲಾಗುತ್ತಿದೆ ಎಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ತೋರಿಸಿದ್ದರು. ಕಾಯಿಲೆಯ ಹೆಸರನ್ನೇ ಹೊತ್ತ ತಾಣವಾದರೆ ಹೆಸರು ಕಂಡರೆ ಸಾಕಲ್ಲ! ಇನ್ನು ಗೂಗಲ್ ವಿರುದ್ಧ 2020ರಲ್ಲಿ ಅಮೆರಿಕದಲ್ಲಿ ದಾಖಲಾದ ಮೊಕದ್ದಮೆಯ ಆರೋಪ, ಇನ್‌ಕಾಗ್ನಿಟೊದಲ್ಲಿದ್ದವರ ಓಡಾಟದ ವಿವರವನ್ನೂ ಕಂಪನಿ ಸಂಗ್ರಹಿಸುತ್ತಿತ್ತು ಎಂಬುದೇ ಆಗಿತ್ತು. 2024ರ ಒಪ್ಪಂದದಲ್ಲಿ ಅಂಥ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಗೂಗಲ್ ಒಪ್ಪಿತು. ಮನೆಯವರು ಹಂಚಿಕೊಂಡು ಬಳಸುವ ಕಂಪ್ಯೂಟರಿಗೆ ಇದು ಸಾಕು, ಅದರಾಚೆಗೆ ಇದನ್ನು ನೆಚ್ಚಬೇಡಿ.

ವಿಪಿಎನ್‌ಗೆ ಬರುವ ಮೊದಲು ಕನ್ನಡಿಗರಿಗೆಂದೇ ಒಂದು ಮಾತು. ಕುಕೀ ಇಲ್ಲದೆಯೂ ಬ್ರೌಸರನ್ನು ಗುರುತಿಸಬಹುದು. ಪರದೆಯ ಅಳತೆ, ಅಕ್ಷರಗಳ ಫಾಂಟ್, ಸಮಯವಲಯ, ಭಾಷೆ ಇವೆಲ್ಲ ಸೇರಿ ಬೆರಳಚ್ಚಿನಂತೆ ಆಗುತ್ತವೆ. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಬಂದ ಬ್ರೌಸರುಗಳ ಪೈಕಿ ಶೇ 83.6ರಷ್ಟು ಬೇರೆ ಯಾವುದನ್ನೂ ಹೋಲುತ್ತಿರಲಿಲ್ಲ. ಅದೇ ಸಂಸ್ಥೆ ನಡೆಸುವ ‘ಕವರ್ ಯುವರ್ ಟ್ರ್ಯಾಕ್ಸ್’ ಪರೀಕ್ಷೆಯನ್ನು ನನ್ನ ಬ್ರೌಸರಿನಲ್ಲಿ ನಡೆಸಿದಾಗ ಕಣ್ಣಿಗೆ ಹೊಡೆದದ್ದು ಭಾಷೆಯ ಸಾಲು. ನನ್ನ ಬ್ರೌಸರಿನ ಮೊದಲ ಭಾಷೆ ಕನ್ನಡ. ತೆರೆಯುವ ಪ್ರತಿ ತಾಣಕ್ಕೂ ಅದು ‘ಮೊದಲು ಕನ್ನಡ, ಆಮೇಲೆ ಇಂಗ್ಲಿಷ್’ ಎಂದು ತಾನಾಗಿಯೇ ಹೇಳುತ್ತದೆ. ಹಾಗೆ ಹೇಳುವ ಬ್ರೌಸರುಗಳು ಲೋಕದಲ್ಲಿ ವಿರಳ. ಇನ್‌ಕಾಗ್ನಿಟೊದಲ್ಲಿ ನೋಡಿದೆ, ಅದೇ ಸಾಲು. ವಿಪಿಎನ್ ಹಾಕಿ ಸ್ವೀಡನ್ನಿನ ವಿಳಾಸದಿಂದ ನೋಡಿದೆ, ಅದೇ ಸಾಲು. ಸ್ವೀಡನ್ನಿನಿಂದ ಕನ್ನಡ ಕೇಳುವವರು ಎಷ್ಟು ಮಂದಿ ಇದ್ದಾರು? ಇದಕ್ಕಾಗಿ ಕನ್ನಡವನ್ನು ಬಿಡಬೇಕೆಂದು ನಾನು ಎಂದೂ ಹೇಳುವುದಿಲ್ಲ. ದಿನಬಳಕೆಯ ಬ್ರೌಸರ್ ಕನ್ನಡದಲ್ಲೇ ಇರಲಿ, ಗುಟ್ಟಿನ ಕೆಲಸಕ್ಕೆ ಬೇರೊಂದು ಬ್ರೌಸರ್ ಇಟ್ಟುಕೊಳ್ಳಿ.

ವಿಪಿಎನ್ ಮಾಡುವ ಕೆಲಸ ಸರಳ. ನಿಮ್ಮ ಸಾಧನದಿಂದ ಅದರ ಸರ್ವರ್‌ವರೆಗೆ ಎಲ್ಲವೂ ಗೂಢಲಿಪಿಯಲ್ಲಿ ಹೋಗುತ್ತದೆ, ಮುಂದಿನ ದಾರಿ ಆ ಸರ್ವರಿನ ವಿಳಾಸದಲ್ಲಿ. ಲಾಡ್ಜಿನವರಿಗೆ, ಸಿಮ್ ಕಂಪನಿಗೆ ನೀವು ವಿಪಿಎನ್ ಬಳಸುತ್ತಿದ್ದೀರಿ ಎಂಬುದಷ್ಟೇ ಗೊತ್ತಾಗುತ್ತದೆ. ಆದರೆ ಮೊದಲು ಅವರಿಗೆ ಕಾಣುತ್ತಿದ್ದದ್ದೆಲ್ಲ ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಆದ್ದರಿಂದ ಇಲ್ಲಿ ವೇಗಕ್ಕಿಂತ, ದೇಶಗಳ ಪಟ್ಟಿಗಿಂತ, ಕಂಪನಿ ಎಂಥದ್ದು ಎಂಬುದೇ ಮುಖ್ಯ.

ಮೊದಲು ಜಾಹೀರಾತು ತೋರಿಸುವ ಉಚಿತ ಆ್ಯಪ್ ಒಂದನ್ನು ನೋಡಿದೆ. ಸ್ಥಳ ಮತ್ತು ಸಂಪರ್ಕಗಳ ಪಟ್ಟಿಗೆ ಅನುಮತಿ ಕೇಳಿತು, ತೆಗೆದುಹಾಕಿದೆ. ವಿಪಿಎನ್‌ಗೆ ನಿಮ್ಮ ಸಂಪರ್ಕಗಳ ಪಟ್ಟಿ ಯಾತಕ್ಕೂ ಬೇಕಿಲ್ಲ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಎಂಬ ಉಚಿತ ವಿಪಿಎನ್, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬುದನ್ನು ಒಡೆಯನಿಗೆ ತಿಳಿಸುತ್ತಿತ್ತು. 2019ರಲ್ಲಿ ಅದನ್ನು ಮುಚ್ಚಲಾಯಿತು. ಉಚಿತವೇ ಬೇಕೆಂದರೆ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಇದೆ. ಡೇಟಾ ಮಿತಿ ಇಲ್ಲ, ಜಾಹೀರಾತಿಲ್ಲ, ಆದರೆ ಉಚಿತ ಖಾತೆಯಲ್ಲಿ ಯಾವ ದೇಶದ ಸರ್ವರ್ ಬೇಕೆಂದು ಆರಿಸಿಕೊಳ್ಳಲಾಗದು. ಸಂಜೆಯ ಹೊತ್ತು ನಿಧಾನವಾದರೂ ಓದುವುದಕ್ಕೆ ತೊಂದರೆಯಾಗಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಸ್ವೀಡನ್ನಿನ ಮುಲ್ವಾಡ್. ಖಾತೆ ತೆರೆಯಲು ಹೆಸರು, ಇಮೇಲ್, ಫೋನ್ ಯಾವುದೂ ಬೇಡ. ಗುಂಡಿ ಒತ್ತಿದರೆ ಹದಿನಾರು ಅಂಕಿಗಳ ಸಂಖ್ಯೆಯೊಂದು ಬರುತ್ತದೆ, ಅದೇ ನಿಮ್ಮ ಖಾತೆ. ತಿಂಗಳಿಗೆ 5 ಯೂರೊ, ಒಂದು ವರ್ಷಕ್ಕೆ ಕಟ್ಟಿದರೂ ರಿಯಾಯಿತಿ ಇಲ್ಲ. ಲಕೋಟೆಯಲ್ಲಿ ನಗದು ಕಳುಹಿಸಿದರೂ ತೆಗೆದುಕೊಳ್ಳುತ್ತಾರೆ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಶೋಧನಾ ವಾರಂಟ್ ಹಿಡಿದು ಅವರ ಗೋಥೆನ್‌ಬರ್ಗ್ ಕಚೇರಿಗೆ ಬಂದರು. ಕೊಡಲು ಗ್ರಾಹಕರ ಮಾಹಿತಿಯೇ ಇರಲಿಲ್ಲ, ಬರಿಗೈಯಲ್ಲಿ ಮರಳಿದರು. ‘ನಾವು ಲಾಗ್ (ಬಳಕೆಯ ದಾಖಲೆ) ಇಡುವುದಿಲ್ಲ’ ಎಂದು ಜಾಹೀರಾತಿನಲ್ಲಿ ಹೇಳದ ವಿಪಿಎನ್ ಇಲ್ಲ. ಆ ಮಾತು ಪೊಲೀಸರ ಎದುರು ನಿಂತ ಉದಾಹರಣೆ ಇರುವ ಕಡೆ ನಾನು ಹಣ ಕೊಡುತ್ತೇನೆ. ಕಾರ್ಡಿನಲ್ಲಿ ಕಟ್ಟಿದರೆ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಉಳಿಯುತ್ತದೆ ಎಂಬುದೂ ನೆನಪಿರಲಿ.

ಭಾರತದ ನಿಯಮವನ್ನು ಇಲ್ಲಿ ಹೇಳಲೇಬೇಕು. ವಿಪಿಎನ್ ಬಳಸುವುದು ನಮ್ಮಲ್ಲಿ ಸಾಮಾನ್ಯವಾಗಿ ಅಪರಾಧವಲ್ಲ. ಆದರೆ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಅವರಿಗೆ ಕೊಟ್ಟ ಐಪಿ ವಿಳಾಸ ಇವನ್ನೆಲ್ಲ ಐದು ವರ್ಷ ಕಾಯ್ದಿಡಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಅದೇ ವರ್ಷ ಭಾರತದಲ್ಲಿದ್ದ ಸರ್ವರುಗಳನ್ನು ಕಿತ್ತುಕೊಂಡು ಹೋದವು. ಹಾಗಾಗಿ ಆ್ಯಪಿನಲ್ಲಿ ‘ಇಂಡಿಯಾ’ ಎಂದು ತೋರಿಸುವ ಸರ್ವರ್ ನಿಜದಲ್ಲಿ ಸಿಂಗಪುರದಲ್ಲೋ ಬೇರೆಲ್ಲೋ ಇರಬಹುದು. ದೇಶದೊಳಗೇ ಸರ್ವರ್ ಇಟ್ಟು ನಿಯಮ ಪಾಲಿಸುವ ಕಂಪನಿಯಾದರೆ ನಿಮ್ಮ ಹೆಸರು ಐದು ವರ್ಷ ಅವರ ಪುಸ್ತಕದಲ್ಲಿ ಇರುತ್ತದೆ ಎಂದೇ ತಿಳಿಯಿರಿ.

ರೈಲಿನಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ ವಿಪಿಎನ್ ಕ್ಷಣಕಾಲ ಕಡಿಯುತ್ತದೆ, ಆ ಕ್ಷಣದಲ್ಲಿ ಆ್ಯಪ್‌ಗಳು ನೇರ ದಾರಿ ಹಿಡಿಯುತ್ತವೆ. ಆಂಡ್ರಾಯ್ಡ್ ಫೋನಿನ ವಿಪಿಎನ್ ಸೆಟ್ಟಿಂಗಿನಲ್ಲಿ ಸದಾ ಚಾಲೂ ಇಡುವ ಆಯ್ಕೆಯೂ, ವಿಪಿಎನ್ ಇಲ್ಲದಾಗ ಸಂಪರ್ಕವನ್ನೇ ತಡೆಯುವ ಆಯ್ಕೆಯೂ ಇವೆ. ಎರಡನ್ನೂ ಹಾಕಿದ ಮೇಲೆ ಸೋರಿಕೆ ನಿಂತಿತು. ಪ್ರಯಾಣದ ವೈಫೈಗೆ ನನ್ನ ಆಯ್ಕೆ ವಿಪಿಎನ್ನೇ. ಅನಾಮಧೇಯರಾಗಲು ಮಾತ್ರ ಇದು ಸಾಲದು, ಏಕೆಂದರೆ ಒಬ್ಬರಿಗಂತೂ ನೀವು ಯಾರು, ಎಲ್ಲಿಗೆ ಹೋದಿರಿ ಎರಡೂ ತಿಳಿಯಬಲ್ಲವು.

ಟಾರ್ ಆ ಒಬ್ಬರನ್ನೂ ಇಲ್ಲವಾಗಿಸುತ್ತದೆ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ಕಲ್ಪನೆ ಇದು. 2006ರಿಂದ ಲಾಭರಹಿತ ಸಂಸ್ಥೆಯೊಂದು ನಡೆಸುತ್ತಿದೆ. ಸಂದೇಶವನ್ನು ಮೂರು ಪದರ ಗೂಢಲಿಪಿಯಲ್ಲಿ ಸುತ್ತಿ, ಸ್ವಯಂಸೇವಕರು ನಡೆಸುವ ಮೂರು ಸರ್ವರುಗಳ ಮೂಲಕ ದಾಟಿಸುತ್ತಾರೆ. ಮೊದಲನೆಯದಕ್ಕೆ ನೀವು ಗೊತ್ತು, ಗುರಿ ಗೊತ್ತಿಲ್ಲ. ಕೊನೆಯದಕ್ಕೆ ಗುರಿ ಗೊತ್ತು, ನೀವು ಗೊತ್ತಿಲ್ಲ. ಟಾರ್ ಬ್ರೌಸರಿನಲ್ಲಿ ವಿಳಾಸಪಟ್ಟಿಯ ಪಕ್ಕದ ಚಿಹ್ನೆ ಒತ್ತಿದರೆ ಆ ದಾರಿಯೇ ಕಾಣುತ್ತದೆ: ಜರ್ಮನಿ, ನೆದರ್ಲೆಂಡ್ಸ್, ರೊಮೇನಿಯಾ, ಕೆಳಗೆ ತಾಣದ ಹೆಸರು. ಬೇರೆ ತಾಣ ತೆರೆದರೆ ಬೇರೆ ದಾರಿ. ಕಿಟಕಿಯನ್ನು ಎಳೆದು ದೊಡ್ಡದು ಮಾಡಿದರೆ ಪುಟದ ಸುತ್ತ ಬೂದು ಅಂಚು ಮೂಡುತ್ತದೆ. ನಿಮ್ಮ ಪರದೆಯ ನಿಜವಾದ ಅಳತೆ ಯಾರಿಗೂ ತಿಳಿಯಬಾರದೆಂದು. ಭಾಷೆಯ ಸಾಲಿನಲ್ಲೂ ಉಳಿದೆಲ್ಲರಂತೆ ಇಂಗ್ಲಿಷ್. ಕನ್ನಡದ ಪುಟಗಳು ಮಾತ್ರ ಚೆನ್ನಾಗಿಯೇ ಮೂಡುತ್ತವೆ. ನೀವು ಎದ್ದು ಕಾಣದಂತೆ ಎಲ್ಲರನ್ನೂ ಒಂದೇ ಮುಖ ಮಾಡುವ ಈ ಜಾಣ್ಮೆ ಉಳಿದೆರಡರಲ್ಲಿ ಇಲ್ಲ.

ಬೆಲೆಯೂ ಇದೆ. ನಿಧಾನ. ವಿಡಿಯೊ ನೋಡುವ ಆಸೆ ಬಿಡಬೇಕು. ಹೆಜ್ಜೆಹೆಜ್ಜೆಗೂ ‘ನೀವು ಮನುಷ್ಯರೇ’ ಎಂದು ಚಿತ್ರಗಳ ಪರೀಕ್ಷೆ. ನಮ್ಮ ಸರ್ಕಾರಿ ತಾಣಗಳಲ್ಲಿ ಹಲವು ವಿದೇಶಿ ವಿಳಾಸಕ್ಕೆ ಬಾಗಿಲು ತೆರೆಯುವುದಿಲ್ಲ. ಬ್ಯಾಂಕಿಗೆ ಇದನ್ನು ಬಳಸಲೇಬೇಡಿ. ಬ್ಯಾಂಕಿಗೆ ನೀವು ಯಾರೆಂದು ಹೇಗೂ ಗೊತ್ತು, ಅನುಮಾನ ಬಂದು ಖಾತೆಗೆ ತಡೆ ಬೀಳಬಹುದು.

ಟಾರ್ ಕೈಕೊಟ್ಟಂತೆ ಕಂಡ ಎರಡು ಪ್ರಸಂಗಗಳಿಂದ ಕಲಿಯುವುದು ಬಹಳವಿದೆ. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಎಂಬಾತ ಕೊನೆಯ ಹಂತದ ಸರ್ವರುಗಳನ್ನು ತಾನೇ ನಡೆಸಿ, ಹಾದುಹೋಗುತ್ತಿದ್ದ ಇಮೇಲ್ ಪಾಸ್‌ವರ್ಡುಗಳನ್ನು ಹಿಡಿದ. ಭಾರತದ ರಾಯಭಾರ ಕಚೇರಿಗಳವೂ ಅವುಗಳಲ್ಲಿದ್ದವು. ಅವು ಗೂಢಲಿಪಿ ಇಲ್ಲದೆ ಬರಿದಾಗಿ ಹೋಗುತ್ತಿದ್ದದ್ದೇ ಕಾರಣ. ಬೀಗದ ಗುರುತಿಲ್ಲದ ತಾಣದಲ್ಲಿ ಟಾರ್ ಇದ್ದರೂ ಏನನ್ನೂ ಬರೆಯಬಾರದು. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಲು ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳುಹಿಸಿ ಸಿಕ್ಕಿಬಿದ್ದ. ಟಾರ್ ಅನ್ನು ಯಾರೂ ಭೇದಿಸಲಿಲ್ಲ. ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ವೈಫೈಯಿಂದ ಟಾರ್ ಬಳಸಿದವರು ಯಾರು ಎಂದು ನೋಡಿದರು, ಅಷ್ಟೆ. ಆತ ಮಾಡಿದ್ದು ಅಪರಾಧ, ಸಿಕ್ಕಿದ್ದು ಸರಿ. ಆದರೆ ಅದೇ ದಾರಿಯಲ್ಲಿ ಕಚೇರಿಯ ಭ್ರಷ್ಟಾಚಾರ ಬಯಲಿಗೆಳೆಯುವ ನೌಕರನೂ ಸಿಗುತ್ತಾನೆ. ಕಚೇರಿಯ ವಿಷಯವನ್ನು ಕಚೇರಿಯ ಜಾಲದಿಂದ, ಕಚೇರಿಯ ಯಂತ್ರದಿಂದ ಎಂದೂ ಕಳುಹಿಸಬಾರದು. ಟಾರ್ ಬಳಕೆಯೇ ಕಾಣದಿರಲಿ ಎಂದರೆ ಬ್ರೌಸರಿನ ಸಂಪರ್ಕ ಸೆಟ್ಟಿಂಗಿನಲ್ಲಿ ‘ಸ್ನೋಫ್ಲೇಕ್’ ಎಂಬ ಸೇತುವೆ (ಟಾರ್‌ಗೆ ಮರೆಯಲ್ಲಿ ಸೇರಿಸುವ ದಾರಿ) ಆರಿಸಿ. ಇನ್ನಷ್ಟು ನಿಧಾನವಾಗುತ್ತದೆ, ಆದರೆ ಕೆಲಸ ಮಾಡುತ್ತದೆ.

ಅಕ್ರಮ ತಿಳಿಸುವ ಮೂರನೆಯ ಕೆಲಸಕ್ಕೆ ಟಾರ್ ಹೊರತು ಬೇರೆಯದನ್ನು ನಾನು ಹೇಳಲಾರೆ. ಆದರೂ ಬರೆಯುವ ಕೈಯನ್ನು ಟಾರ್ ಮರೆಮಾಡದು. ನಾಲ್ಕು ಸಾಲು ಓದಿದರೆ ಬರೆದವರು ಧಾರವಾಡದ ಕಡೆಯವರೋ ಕುಂದಾಪುರದವರೋ ಎಂದು ಕನ್ನಡ ಬಲ್ಲವರು ಹೇಳಿಬಿಡುತ್ತಾರೆ. ಆದ್ದರಿಂದ ಪತ್ರಿಕೆಯ ವರದಿಯ ಭಾಷೆಯಲ್ಲಿ, ಚಿಕ್ಕ ವಾಕ್ಯಗಳಲ್ಲಿ ಬರೆಯಬೇಕು. ಫೋನಿನಲ್ಲಿ ತೆಗೆದ ಫೋಟೊದೊಳಗೆ ಸಮಯವೂ ಫೋನಿನ ಮಾದರಿಯೂ ಇರುತ್ತವೆ, ಸ್ಥಳ ಗುರುತಿಸುವ ಆಯ್ಕೆ ಚಾಲೂ ಇದ್ದರೆ ಊರೂ ಇರುತ್ತದೆ. ವರ್ಡ್ ಕಡತದಲ್ಲಿ ಬರೆದವರ ಹೆಸರು ಇರುತ್ತದೆ. ಅವನ್ನೆಲ್ಲ ಅಳಿಸಿಯೇ ಕಳುಹಿಸಬೇಕು.

ದೂರು ಕೇಂದ್ರ ಸರ್ಕಾರದ ನೌಕರರ ಅಥವಾ ಕೇಂದ್ರದ ಉದ್ದಿಮೆಗಳ ಮೇಲಿನದಾದರೆ ಇವಾವುದೂ ಬೇಕಿಲ್ಲ. ಕೇಂದ್ರ ಜಾಗೃತ ಆಯೋಗ ಅನಾಮಧೇಯ ದೂರುಗಳನ್ನು ಪರಿಗಣಿಸುವುದಿಲ್ಲ. ಆದರೆ ಸಾರ್ವಜನಿಕ ಹಿತಕ್ಕಾಗಿ ಅಕ್ರಮ ತಿಳಿಸುವವರನ್ನು ಕಾಯುವ 2004ರ ಪಿಐಡಿಪಿಐ ನಿರ್ಣಯದಡಿ ಬಂದ ದೂರುದಾರರ ಗುರುತನ್ನು ಗುಟ್ಟಾಗಿಡುತ್ತದೆ. ದೂರನ್ನು ಮುಚ್ಚಿದ ಲಕೋಟೆಯಲ್ಲಿ ಆಯೋಗದ ಕಾರ್ಯದರ್ಶಿಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಬೇಕು, ಲಕೋಟೆಯ ಮೇಲೆ ಪಿಐಡಿಪಿಐ ಎಂದು ಬರೆದಿರಬೇಕು. ಹೆಸರು, ವಿಳಾಸ ಪತ್ರದ ಒಳಗಿರಬೇಕು, ಲಕೋಟೆಯ ಮೇಲೆ ಇರಬಾರದು.