ಮುಂಬೈ ಪಕ್ಕದ ಠಾಣೆ ಊರಲ್ಲಿ ಮಗನ ಒಟಿ (ಆಕ್ಯುಪೇಷನಲ್ ಥೆರಪಿ), ಆರು ತಿಂಗಳಾದ್ಮೇಲೆ ಬರೀತಿದ್ದೀನಿ (4 ಸ್ಟಾರ್)

ಮಗನಿಗೆ ಆರು ವರ್ಷ, ಶರ್ಟ್ ಗುಂಡಿ ಹಾಕ್ಕೊಳಕ್ಕೆ ಬರ್ತಿರ್ಲಿಲ್ಲ, ಪೆನ್ಸಿಲ್ ಮುಷ್ಟೀಲಿ ಹಿಡೀತಿದ್ದ, ಊಟ ಅರ್ಧ ತಟ್ಟೇಲಿ ಅರ್ಧ ನೆಲದ ಮೇಲೆ. ಸ್ಕೂಲಲ್ಲಿ ಆಕ್ಯುಪೇಷನಲ್ ಥೆರಪಿ (ದಿನದ ಕೆಲಸಗಳನ್ನ ತಾನೇ ಮಾಡ್ಕೊಳೋ ಹಾಗೆ ಅಭ್ಯಾಸ ಮಾಡ್ಸೋ ಚಿಕಿತ್ಸೆ) ಮಾಡ್ಸಿ ಅಂದ್ರು. ಸ್ಟೇಷನ್ನಿಂದ ಹತ್ತು ನಿಮಿಷದ ಆಟೋ, ಎರಡು ರೂಮಿನ ಸಣ್ಣ ಸೆಂಟರ್, ವಾರಕ್ಕೆರಡು ಸಲ 45 ನಿಮಿಷ, ಸಲಕ್ಕೆ 800 ರೂಪಾಯಿ.

ಮೊದಲ ತಿಂಗಳು ಬರೀ ಉಯ್ಯಾಲೆ, ಆಮೇಲೆ ದೊಡ್ಡ ಚೆಂಡಿನ ಮೇಲೆ ಬೋರಲು ಮಲಗ್ಸಿ ಕೈಯಲ್ಲಿ ನಡೆಸೋದು. ನಮ್ಮ ಮಾವ "ಉಯ್ಯಾಲೆಗೆ ಎಂಟುನೂರಾ, ಪಾರ್ಕಲ್ಲಿ ಪುಕ್ಸಟ್ಟೆ ಆಡ್ಬೋದಲ್ಲಮ್ಮ, ಎಲ್ಲಾ ಈಗಿನ ಫ್ಯಾಷನ್ನು" ಅಂದ್ರು. (ದೇಶದ ಮೊದಲ ಒಟಿ ಸ್ಕೂಲನ್ನ ಕಮಲಾ ನಿಂಬ್ಕರ್ 1950ರಲ್ಲೇ ಇಲ್ಲೇ ಮುಂಬೈನ ಪರೇಲಲ್ಲಿರೋ ಕೆಇಎಂ ಆಸ್ಪತ್ರೇಲಿ ಶುರು ಮಾಡಿದ್ರು, ಮಾವ, ಅಂತ ಮನಸಲ್ಲೇ ಅಂದ್ಕೊಂಡೆ.) ಉಯ್ಯಾಲೆ, ಚೆಂಡು ಯಾಕಂದ್ರೆ, ಭುಜ, ಬೆನ್ನು ಗಟ್ಟಿ ಇಲ್ದೆ ಬೆರಳು ಮಾತು ಕೇಳಲ್ವಂತೆ, ಕುರ್ಚೀಲೇ ಜೋತು ಬೀಳೋ ಮಗು ಬರೆಯೋದಾದ್ರೂ ಹೇಗೆ ಹೇಳಿ.

ನಂಗೆ ತುಂಬಾ ಹಿಡ್ಸಿದ್ದು ಗುಂಡಿ ಕಲ್ಸಿದ ರೀತಿ. ಕೊನೇಯಿಂದ ಶುರು! ನಾವು ಗುಂಡೀನ ಕಾಜಾದೊಳಗೆ ಅರ್ಧ ತೂರ್ಸಿ ಬಿಡ್ಬೇಕು, ಅವ್ನು ಆಚೆ ಎಳೆದ್ರೆ ಸಾಕು, ಮೊದಲ ದಿನವೇ "ನಾನೇ ಹಾಕ್ದೆ" ಅಂತ ಕುಣಿದ, ಅದು ಪಳಗಿದ್ಮೇಲೆ ತೂರ್ಸೋದೂ ಅವ್ನದೇ. ಪೆನ್ಸಿಲ್ ಬದ್ಲು ಮುರಿದ ಕ್ರೇಯಾನ್ ತುಂಡು ಕೊಡಿ ಅಂದ್ರು ಥೆರಪಿ ಮೇಡಂ, ತುಂಡು ಚಿಕ್ಕದಾದ್ರೆ ಮುಷ್ಟಿಗೆ ಜಾಗವೇ ಇರಲ್ಲ, ಬೆರಳ ತುದೀಲೇ ಹಿಡೀಬೇಕು. ಮನೇಲಿ ಚಪಾತಿ ಹಿಟ್ಟು ನಾದೋದು. ಮಾಟುಂಗಾ ಮಾರ್ಕೆಟ್ಟಿಂದ ಅವರೇಕಾಳು ತಂದು ನೆನೆಸಿ ಹಿತುಕೋದಕ್ಕೂ ಕೂರ್ಸಿದೆ, ಮೇಡಂ ವಿಡಿಯೋ ನೋಡಿ ಇದಕ್ಕಿಂತ ಒಳ್ಳೆ ಬೆರಳ ವ್ಯಾಯಾಮ ಇಲ್ಲ ಅಂದ್ರು, ಕಾಳು ಅಡುಗೆಮನೆ ತುಂಬಾ ಹಾರಿದ್ದು ಬೇರೆ ವಿಷ್ಯ.

ಮೇಡಂ ಮರಾಠಿಯವ್ರು, ನಮ್ಮ ಹುಡ್ಗಂಗೆ ಕನ್ನಡ ಹೇಳಿದ್ರೇನೇ ಬೇಗ ಹತ್ತೋದು. "ತಳ್ಳು, ಎಳಿ, ನೀನೇ ಮಾಡು" ಅಂತ ನನ್ನ ಕೇಳಿ ದೇವನಾಗರೀಲಿ ಬರ್ಕೊಂಡ್ರು, ಮರಾಠೀಲೂ ಳ ಇರೋದ್ರಿಂದ "ಎಳಿ" ಸಲೀಸಾಗಿ ಬಂತು.

ಒಂದು ಸ್ಟಾರ್ ಕಟ್ ಮಾಡಿದ್ದು ರಿಸೆಪ್ಷನ್ನಿಗೆ. ಜುಲೈ ಮಳೇಲಿ ಲೋಕಲ್ ಟ್ರೈನೇ ನಿಂತೋಯ್ತು, ನಾವಿರೋ ಡೊಂಬಿವ್ಲಿಯಿಂದ ಈಜ್ಕೊಂಡು ಬರಕ್ಕಾಗುತ್ತಾ, ಆದ್ರೂ ಆ ಸೆಷನ್ ದುಡ್ಡು ಹೋಯ್ತು. ಹೋಗೋಕೆ ಮುಂಚೆ ಕ್ಯಾನ್ಸಲ್ ರೂಲ್ ಕೇಳ್ಕೊಳ್ಳಿ.

ಈಗ ಐದು ಗುಂಡೀಲಿ ನಾಲ್ಕು ಅವ್ನೇ ಹಾಕ್ಕೋತಾನೆ. ಕಾಲರ್ ಹತ್ರದ್ದು ಅವ್ನ ಕಣ್ಣಿಗೆ ಕಾಣಲ್ಲ, ಅದು ಇನ್ನೂ ನಂದೇ.