ಎರಡು ವಾರದ ಕಮೀನೊ ಪಾದಯಾತ್ರೆಗೆ ಲಿಯೋನ್‌ನಿಂದ ಹೊರಡಬಹುದೇ?

ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕಾಂಪೊಸ್ಟೆಲಾ ನಗರದ ಕೆಥೆಡ್ರಲ್‌ನಲ್ಲಿ ಸಂತ ಯಾಕೋಬನ ಸಮಾಧಿಯಿದೆ ಎಂಬುದು ಶತಮಾನಗಳ ನಂಬಿಕೆ. ಅಲ್ಲಿಗೆ ನಡೆದು ಹೋಗುವ ದಾರಿಗಳಿಗೆಲ್ಲ ಒಟ್ಟಾಗಿ ಕಮೀನೊ ಎಂದು ಹೆಸರು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ಫ್ರೆಂಚ್ ದಾರಿ, ಪಿರನೀಸ್ ಪರ್ವತದ ಬುಡದಲ್ಲಿರುವ ಸೇಂಟ್-ಝಾನ್-ಪ್ಯೆ-ದ-ಪೋರ್ ಎಂಬ ಊರಿನಿಂದ ಸುಮಾರು 780 ಕಿ.ಮೀ. ಉದ್ದವಿದ್ದು, ಅದನ್ನು ಪೂರ್ತಿ ನಡೆಯಲು ಒಂದು ತಿಂಗಳಿಗೂ ಹೆಚ್ಚು ಬೇಕಾಗುತ್ತದೆ. ಎರಡೇ ವಾರ ಬಿಡುವಿರುವವರು ಎಲ್ಲಿಂದ ಹೊರಡಬೇಕು ಎಂಬ ಪ್ರಶ್ನೆಯನ್ನು ನಾನೂ ತಿಂಗಳುಗಟ್ಟಲೆ ತಲೆಯಲ್ಲಿಟ್ಟುಕೊಂಡಿದ್ದೆ. ಕೊನೆಗೆ ಲಿಯೋನ್ ನಗರದಿಂದ ಹೊರಟು, 14 ದಿನಗಳಲ್ಲಿ 310 ಕಿ.ಮೀ.ಗಳಷ್ಟು ನಡೆದು ಸಾಂತಿಯಾಗೊ ತಲುಪಿದೆ. ಹೊರಡುವ ಜಾಗವಾಗಿ ಲಿಯೋನ್ ಹೇಗಿತ್ತು ಎಂಬುದನ್ನು, ಇದೇ ಲೆಕ್ಕದಲ್ಲಿ ಸಿಕ್ಕಿಕೊಂಡಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಇತ್ಯರ್ಥವಾಗಬೇಕಾದದ್ದು ಎರಡು ವಾರ ಎಂದರೆ ಏನು ಎಂಬುದು. 14 ದಿನವೂ ನಡೆಯುವುದಕ್ಕೇ ಸಿಗುತ್ತದೆಯೋ, ಅಥವಾ ವಿಮಾನ, ರೈಲು, ಮರುಪ್ರಯಾಣಗಳೆಲ್ಲ ಅದರೊಳಗೇ ಸೇರಿವೆಯೋ? ಲಿಯೋನ್‌ನಿಂದ ಹೊರಟವರು 14 ದಿನ ದಿನಕ್ಕೆ ಸರಾಸರಿ 22 ಕಿ.ಮೀ. ನಡೆಯಬೇಕು, ಮತ್ತು ಆ ಲೆಕ್ಕದಲ್ಲಿ ವಿಶ್ರಾಂತಿಗೆಂದು ಒಂದೇ ಒಂದು ದಿನವೂ ಉಳಿಯುವುದಿಲ್ಲ. ನನಗೆ ಪ್ರಯಾಣದ ದಿನಗಳು ಬೇರೆಯಾಗಿಯೇ ಇದ್ದುದರಿಂದ ಇದು ಸಾಧ್ಯವಾಯಿತು. ಒಟ್ಟು ರಜೆಯೇ 14 ದಿನ ಎನ್ನುವವರು ಲಿಯೋನ್‌ನ ಆಸೆ ಬಿಟ್ಟು, ಸಾಂತಿಯಾಗೊಗೆ ಸುಮಾರು 260 ಕಿ.ಮೀ. ದೂರದ ಅಸ್ತೋರ್ಗಾದಿಂದಲೋ, 205 ಕಿ.ಮೀ. ದೂರದ ಪೊನ್‌ಫೆರಾದಾದಿಂದಲೋ ಹೊರಡುವುದು ಒಳ್ಳೆಯದು. ಗುರಿಯಿಂದ ಹಿಂದಕ್ಕೆ ಎಣಿಸುತ್ತಾ ಬಂದು ಹೊರಡುವ ಊರನ್ನು ಗೊತ್ತುಮಾಡಿಕೊಳ್ಳಬೇಕೇ ಹೊರತು, ಊರಿನ ಹೆಸರಿಗೆ ಮರುಳಾಗಿ ದಿನಗಳನ್ನು ಅದಕ್ಕೆ ಹೊಂದಿಸಲು ಹೋಗಬಾರದು.

ಲಿಯೋನ್‌ನ ದೊಡ್ಡ ಅನುಕೂಲವೆಂದರೆ ತಲುಪುವುದು ಸುಲಭ. ಮ್ಯಾಡ್ರಿಡ್‌ನಿಂದ ನೇರ ವೇಗದ ರೈಲಿದೆ. ನಾನು ಒಂದು ದಿನ ಮೊದಲೇ ಹೋಗಿ ಉಳಿದುಕೊಂಡೆ, ಅದು ಸಾರ್ಥಕವಾಯಿತು. ಬಣ್ಣದ ಗಾಜಿನ ಕಿಟಕಿಗಳಿಗೆ ಹೆಸರಾದ ಅಲ್ಲಿನ ಕೆಥೆಡ್ರಲ್‌ಗೆ ಸಂಜೆ ಹೋದಾಗ ಪಶ್ಚಿಮದ ಬಿಸಿಲು ಒಳಗಿನ ಕಂಬಗಳ ಮೇಲೆ ಕೆಂಪು, ನೀಲಿಯಾಗಿ ಬಿದ್ದು, ನೋಡುತ್ತಿದ್ದಂತೆಯೇ ಮೆಲ್ಲಗೆ ಮೇಲಕ್ಕೆ ಸರಿಯುತ್ತಿತ್ತು. ಸಾನ್ ಮಾರ್ಕೋಸ್ ಕಟ್ಟಡದೆದುರಿನ ಚೌಕದಲ್ಲಿ, ಪಾದರಕ್ಷೆ ಕಳಚಿಟ್ಟು, ಕಲ್ಲಿನ ಶಿಲುಬೆಗೆ ಒರಗಿ ಕುಳಿತಿರುವ ಯಾತ್ರಿಕನ ಲೋಹದ ಪ್ರತಿಮೆಯೊಂದಿದೆ. ಅವನ ದಣಿವು ನನಗೆ ಅರ್ಥವಾದದ್ದು ಎರಡು ದಿನದ ಮೇಲೆ, ಅಸ್ತೋರ್ಗಾದ ಛತ್ರದ ಮೆಟ್ಟಿಲ ಮೇಲೆ ಕುಳಿತು ಶೂ ಬಿಚ್ಚಿದಾಗ.

ಲಿಯೋನ್‌ನ ಕೊರತೆ ಇರುವುದು ಮೊದಲ ದಿನದಲ್ಲಿ. ನಗರ ದಾಟಿ ಲಾ ವಿರ್ಹೆನ್ ದೆಲ್ ಕಮೀನೊ ಎಂಬ ಉಪನಗರ ಸೇರುವವರೆಗೆ ಏಳೆಂಟು ಕಿ.ಮೀ. ಉದ್ದಕ್ಕೂ ಗೋದಾಮುಗಳು, ಕಾರ್ಖಾನೆಗಳು, ವಾಹನಗಳ ಸದ್ದು. ಅಲ್ಲಿಂದ ದಾರಿ ಎರಡಾಗುತ್ತದೆ: ಒಂದು ಹೆದ್ದಾರಿಯ ಪಕ್ಕದಲ್ಲೇ ಸಾಗಿದರೆ, ಎಡಕ್ಕೆ ಹೊರಳುವ ಇನ್ನೊಂದು ಹೊಲಗಳ ನಡುವೆ ವಿಯಾರ್ ದೆ ಮಸರೀಫೆ ಎಂಬ ಹಳ್ಳಿಗೆ ಹೋಗುತ್ತದೆ. ತುಸು ಉದ್ದವಾದರೂ ಎರಡನೆಯದನ್ನೇ ಹಿಡಿಯಿರಿ. ನಾನು ಮೊದಲ ದಿನ 21 ಕಿ.ಮೀ. ನಡೆದು ಮಸರೀಫೆಯಲ್ಲಿ ತಂಗಿದೆ. ಎರಡನೆಯ ದಿನ ಉತ್ಸಾಹದಲ್ಲಿ 31 ಕಿ.ಮೀ. ನಡೆದು ಅಸ್ತೋರ್ಗಾ ಮುಟ್ಟಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಎರಡೂ ಹಿಮ್ಮಡಿಗಳಲ್ಲಿ ಎದ್ದ ಬೊಬ್ಬೆಗಳು ಮುಂದಿನ ಐದು ದಿನ ಹೆಜ್ಜೆಹೆಜ್ಜೆಗೂ ಕಾಡಿದವು. ಈಗ ಮತ್ತೆ ಹೊರಡುವುದಾದರೆ ವಿರ್ಹೆನ್‌ವರೆಗೆ ನಗರದ ಬಸ್ಸಿನಲ್ಲೇ ಹೋಗಿ, ಅಲ್ಲಿಂದ ಸುಮಾರು 24 ಕಿ.ಮೀ. ನಡೆದು ವಿಯಾವಾಂತೆಯಲ್ಲಿ ಉಳಿದು, ಮರುದಿನ 21 ಕಿ.ಮೀ. ನಡೆದು ಅಸ್ತೋರ್ಗಾ ಸೇರುತ್ತೇನೆ. ಬಸ್ಸು ಹತ್ತಿದರೆ ಯಾತ್ರೆ ಕೆಡುತ್ತದೆ ಎಂದು ಅಳುಕುವವರಿಗೆ ಒಂದು ಮಾತು: ಸಾಂತಿಯಾಗೊದಲ್ಲಿ ಕೊಡುವ ಕಾಂಪೊಸ್ಟೆಲಾ ಪ್ರಮಾಣಪತ್ರಕ್ಕೆ ಕೊನೆಯ 100 ಕಿ.ಮೀ. ಕಾಲ್ನಡಿಗೆ ಮುಖ್ಯವಾಗುತ್ತದೆ, ಲಿಯೋನ್ ಹೊರವಲಯದ ಕಾರ್ಖಾನೆಗಳ ಸಾಲು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ನಾನು ಲಿಯೋನ್ ಪರವಾಗಿಯೇ ನಿಲ್ಲುತ್ತೇನೆ, ಏಕೆಂದರೆ ಅಲ್ಲಿಂದ ಹೊರಟವರ ಕಾಲುಗಳಿಗೆ ಬೆಟ್ಟ ಎದುರಾಗುವ ಮೊದಲು ಹದಗೊಳ್ಳಲು ಸಮಯ ಸಿಗುತ್ತದೆ. ಅಸ್ತೋರ್ಗಾದವರೆಗಿನ ನೆಲ ಬಹುಮಟ್ಟಿಗೆ ಸಪಾಟು. ಆಮೇಲೆ ರಬನಾಲ್‌ನಿಂದ ಏರು ಶುರುವಾಗಿ, ಸುಮಾರು 1,500 ಮೀಟರ್ ಎತ್ತರದ ಕ್ರೂಸ್ ದೆ ಫೆರೊ ಬರುತ್ತದೆ. ಎತ್ತರದ ಮರದ ಕಂಬದ ತುದಿಯಲ್ಲೊಂದು ಪುಟ್ಟ ಕಬ್ಬಿಣದ ಶಿಲುಬೆ, ಅದರ ಬುಡದಲ್ಲಿ ಯಾತ್ರಿಕರು ತಮ್ಮ ಮನೆಗಳಿಂದ ಹೊತ್ತು ತಂದು ಹಾಕಿದ ಕಲ್ಲುಗಳ ಗುಡ್ಡೆ. ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಕಿಸೆಯಿಂದ ನೆಲ್ಲಿಕಾಯಿ ಗಾತ್ರದ ಕಲ್ಲನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಇಟ್ಟು, ಮತ್ತೆ ಬಗ್ಗಿ ಅದನ್ನು ಸ್ವಲ್ಪ ಸರಿಪಡಿಸಿದರು. ಆ ಜಾಗಕ್ಕೆ ನಾಲ್ಕು ದಿನವಾದರೂ ನಡೆದು ಬರಬೇಕು ಎಂದು ನನಗೆ ತೀವ್ರವಾಗಿ ಅನ್ನಿಸಿತು. ಪೊನ್‌ಫೆರಾದಾದಿಂದ ಹೊರಡುವವರಿಗೆ ಇದು ದಕ್ಕುವುದೇ ಇಲ್ಲ. ಕ್ರೂಸ್ ದೆ ಫೆರೊದಿಂದ ಮೊಲಿನಾಸೆಕಾದವರೆಗೆ ಸುಮಾರು 900 ಮೀಟರ್ ಇಳಿಯುವ ಕಲ್ಲುದಾರಿ ಮಾತ್ರ ಮಂಡಿಗಳಿಗೆ ಏರಿಗಿಂತಲೂ ಕಠಿಣ. ನಡುವಿನ ಎಲ್ ಅಸೆಬೊದಲ್ಲಿ ರಾತ್ರಿ ಕಳೆದು ಇಳಿತವನ್ನು ಎರಡು ದಿನಕ್ಕೆ ಹಂಚಿಕೊಂಡದ್ದು ನನಗೆ ಒಳ್ಳೆಯದೇ ಆಯಿತು.

ಬೊಬ್ಬೆಗಳ ಕಾಟ ತಾಳದೆ ಒಂದು ದಿನ ಬೆನ್ನಿನ ಚೀಲವನ್ನು ಸಾಗಣೆಯವರಿಗೆ ಒಪ್ಪಿಸಿದ್ದೆ. ಅದು ಬೇರೊಂದು ಛತ್ರಕ್ಕೆ ಹೋಗಿ, ನನ್ನ ಕೈ ಸೇರುವಾಗ ರಾತ್ರಿ ಒಂಬತ್ತಾಗಿತ್ತು. ಔಷಧಿ, ಗುರುತಿನ ಚೀಟಿ ಮತ್ತು ಸೀಲು ಹಾಕಿಸುವ ಯಾತ್ರಾಪತ್ರ ಯಾವಾಗಲೂ ಮೈಮೇಲೆಯೇ ಇರಲಿ.

ಮುಂದಿನ ದಾರಿಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಸುಮಾರು 1,300 ಮೀಟರ್ ಎತ್ತರದ ಓ ಸೆಬ್ರೆಯಿರೊ. ದಾರಿಯುದ್ದಕ್ಕೂ ನಮ್ಮನ್ನು ನಡೆಸುವ ಹಳದಿ ಬಾಣಗಳನ್ನು 1980ರ ದಶಕದಲ್ಲಿ ಬಳಿಯಲು ಮೊದಲು ಮಾಡಿದ ಪಾದ್ರಿ ಎಲಿಯಾಸ್ ವಾಲಿನ್ಯ ಅವರು ಇದೇ ಹಳ್ಳಿಯ ಚರ್ಚಿನಲ್ಲಿದ್ದರು. ನಾಲ್ಕಾರು ಸಲ ದಾರಿ ತಪ್ಪುವುದರಿಂದ ನನ್ನನ್ನು ಉಳಿಸಿದ ಬಾಣಗಳು ಅವು, ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಸಾಂತಿಯಾಗೊಗೆ ಸುಮಾರು 115 ಕಿ.ಮೀ. ಇರುವ ಸಾರ್ರಿಯಾ ತಲುಪಿದಾಗ ದಾರಿಯ ಸ್ವರೂಪವೇ ಬದಲಾಗುತ್ತದೆ. ಪ್ರಮಾಣಪತ್ರಕ್ಕೆ ಬೇಕಾದ 100 ಕಿ.ಮೀ. ದಾಟಿಸುವ ಅನುಕೂಲದ ಊರು ಅದಾದ್ದರಿಂದ ಬಹುಪಾಲು ಗುಂಪುಗಳು ಅಲ್ಲಿಂದಲೇ ಹೊರಡುತ್ತವೆ. 2024ರಲ್ಲಿ ಎಲ್ಲ ದಾರಿಗಳಿಂದಲೂ ಸೇರಿ ಸಾಂತಿಯಾಗೊ ಕಚೇರಿಯಲ್ಲಿ ದಾಖಲಾದ ಯಾತ್ರಿಕರು ಸುಮಾರು 5 ಲಕ್ಷ ಎಂದರೆ ಅಲ್ಲಿನ ಜನಸಂದಣಿಯನ್ನು ಊಹಿಸಬಹುದು. ಸರ್ಕಾರಿ ಛತ್ರಗಳಲ್ಲಿ ಮುಂಗಡ ಕಾದಿರಿಸಲು ಬರುವುದಿಲ್ಲ, ಮೊದಲು ಬಂದವರಿಗೆ ಹಾಸಿಗೆ. ಆದ್ದರಿಂದ ಈ ಕೊನೆಯ ಐದು ದಿನಗಳಿಗೆ ಖಾಸಗಿ ಛತ್ರಗಳನ್ನು ಮೊದಲೇ ಕಾದಿರಿಸಿಕೊಳ್ಳುವುದು ಲೇಸು. ಇಲ್ಲಿ ದಿನಕ್ಕೆ ಎರಡು ಸೀಲು ಹಾಕಿಸಬೇಕೆಂಬ ನಿಯಮವನ್ನೂ ಮರೆಯಬಾರದು. ಎರಡು ವಾರ ಕೈಯಲ್ಲಿಟ್ಟುಕೊಂಡು ಸಾರ್ರಿಯಾದಿಂದ ಹೊರಡುವುದನ್ನು ಮಾತ್ರ ನಾನು ಯಾರಿಗೂ ಸೂಚಿಸಲಾರೆ.

ಬೆಟ್ಟದ ನಡಿಗೆ ರೂಢಿಯಿರುವವರಿಗೆ ಓವಿಯೆದೊದಿಂದ ಹೊರಡುವ ಪ್ರಿಮಿತೀವೊ ದಾರಿ ಲಿಯೋನ್‌ಗೆ ಸರಿಸಾಟಿ. ಅದೂ ಸುಮಾರು 320 ಕಿ.ಮೀ., ಅದಕ್ಕೂ ಎರಡು ವಾರ ಸಾಕು, ಆದರೆ ಏರಿಳಿತ ಮೊದಲ ದಿನಗಳಿಂದಲೇ ಶುರು. ಪೋರ್ಚುಗಲ್‌ನ ಪೋರ್ಟೊದಿಂದ ಹೊರಟರೆ 240ರಿಂದ 280 ಕಿ.ಮೀ., ಹನ್ನೆರಡು ಹದಿಮೂರು ದಿನಗಳಲ್ಲಿ ಆರಾಮವಾಗಿ ಮುಗಿಯುತ್ತದೆ; ವಿಮಾನ ನಿಲ್ದಾಣವೂ ಅಲ್ಲೇ ಇದೆ. ಮಂಡಿನೋವಿರುವವರೂ ವಿಶ್ರಾಂತಿಗೆ ಒಂದು ದಿನ ಬೇಕೆನ್ನುವವರೂ ಪೋರ್ಟೊವನ್ನು ಆರಿಸಿಕೊಳ್ಳಲಿ. ಉಳಿದವರಿಗೆ, 14 ದಿನ ಪೂರ್ತಿ ಕೈಯಲ್ಲಿದ್ದರೆ, ಲಿಯೋನ್‌ಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಅಂಕ ಆ ಮೊದಲ ಎಂಟು ಕಿ.ಮೀ.ಗೆ.